ಒಂದು ಸುತ್ತಿಗೆ ಒಂದೇ ಅಳತೆ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರನ್ನು ನಾಡಿನ ಜನ ಕೇಳಿರುವುದು ಹೆಚ್ಚಾಗಿ ರಾಜಕಾರಣದ ನಿಮಿತ್ತದಿಂದ. 1996ರಲ್ಲಿ ದೇಶದ ಪ್ರಧಾನಿಯಾದ ಶ್ರೀ ಎಚ್.ಡಿ. ದೇವೇಗೌಡರ ಹುಟ್ಟೂರು ಅದು. ಇಲ್ಲಿನ ವಿಷಯ ಅಷ್ಟು ದೊಡ್ಡದಲ್ಲ. ಆ ಊರಿನ ಒಬ್ಬ ಬಡಗಿ, ಮನೆಯ ಹಿಂದೆ ಒಂದು ಕಾಲಕ್ಕೆ ದನಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯನ್ನೇ ಕಾರ್ಯಾಗಾರವಾಗಿ ಮಾಡಿಕೊಂಡವರು, ಎರಡು ಉಕ್ಕಿನ ಸಲಾಕೆ, ಒಂದು ತಿರುಪಿನ ಸಲಾಕೆ ಮತ್ತು ಒಂದಿಷ್ಟು ಹಲಗೆಗಳಿಂದ ಸ್ವಂತವಾಗಿ ಕಟ್ಟಿಕೊಂಡ ಸಾಧನವೊಂದರ ಕಥೆ ಇದು. ಅಂಗಡಿಯವರು ಅದನ್ನು ರೂಟರ್ ಲಿಫ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕಿನ್ನೂ ಹೆಸರು ಹುಟ್ಟಿಲ್ಲ. ಆಚಾರ್ಯರ ಮನೆಯಲ್ಲಿ ಮಾತ್ರ ಅದು 'ತೊಟ್ಟಿಲು'. ಅವರ ಸೋದರಳಿಯ ಇಟ್ಟ ಹೆಸರು. ಯಂತ್ರವನ್ನು ಅದರಲ್ಲಿ ಮಲಗಿಸಿ ಮೇಲಕ್ಕೂ ಕೆಳಕ್ಕೂ ಆಡಿಸುವುದರಿಂದ ಆ ಹೆಸರು ಹೊಂದಿಕೊಂಡಿತು.

ರೂಟರ್ ಯಂತ್ರವನ್ನು ಕಾಣದ ಓದುಗರಿಗೆ ಎರಡು ಮಾತು ಹೇಳುವುದು ಅಗತ್ಯ. ಅದು ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಮೋಟಾರು. ಅದರ ತುದಿಯ ಹಿಡಿತದಲ್ಲಿ ಬಿಟ್ ಎಂಬ ಅಲಗನ್ನು ಸಿಕ್ಕಿಸುತ್ತಾರೆ. 12 ಮಿ.ಮೀ. ದಂಡಿನ ಬಿಟ್ ಹಿಡಿಯುವ ದೊಡ್ಡ ರೂಟರ್ ನಿಮಿಷಕ್ಕೆ 22,000 ಸುತ್ತು ತಿರುಗುತ್ತದೆ. 40 ಮಿ.ಮೀ. ಅಗಲದ ಬಿಟ್ ಆ ವೇಗದಲ್ಲಿ ತಿರುಗಿದಾಗ ಅದರ ಅಂಚು ಸೆಕೆಂಡಿಗೆ 46 ಮೀಟರ್, ಎಂದರೆ ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹಿಂದಿನವರು ಉಳಿ, ಕೊಡತಿಗಳಿಂದ ಅರ್ಧ ದಿನ ತೆಗೆಯುತ್ತಿದ್ದ ಉದ್ದನೆಯ ತೋಡನ್ನು ಅದು ಕೆಲವು ನಿಮಿಷಗಳಲ್ಲಿ ತೆಗೆಯುತ್ತದೆ. ಸಣ್ಣ ಮರದ ತುಂಡುಗಳ ಮೇಲೆ ಇಂಥ ಯಂತ್ರವನ್ನು ಓಡಿಸುವುದು ಕಷ್ಟ; ಆದ್ದರಿಂದ ಬಡಗಿಗಳು ಅದನ್ನು ಮೇಜಿನ ಅಡಿಯಲ್ಲಿ ತಲೆಕೆಳಗಾಗಿ ಕಟ್ಟಿ, ಬಿಟ್ ಮಾತ್ರ ಮೇಜಿನ ರಂಧ್ರದಿಂದ ಮೇಲೆ ಇಣುಕುವಂತೆ ಮಾಡಿ, ಮರವನ್ನೇ ಅದರ ಮುಂದೆ ಬಲದಿಂದ ಎಡಕ್ಕೆ ತಳ್ಳುತ್ತಾರೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತಿರುತ್ತದೆ. ಎಡದಿಂದ ಬಲಕ್ಕೆ ತಳ್ಳಿದರೆ ಅದು ಮರವನ್ನು ಕಸಿದುಕೊಂಡು ಎಸೆಯುತ್ತದೆ, ಕೆಲವೊಮ್ಮೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

ತೊಡಕಿರುವುದು ಎತ್ತರದಲ್ಲಿ. ಬಿಟ್ ಎಷ್ಟು ಮೇಲೆ ಇಣುಕಬೇಕೆಂಬುದನ್ನು ಪ್ರತಿ ಕೆಲಸಕ್ಕೂ ಬದಲಾಯಿಸಬೇಕು. ಲಿಫ್ಟ್ ಇಲ್ಲದ ಮೇಜಿನಲ್ಲಿ ಅದಕ್ಕಾಗಿ ಮಂಡಿಯೂರಿ ಅಡಿಗೆ ಹೋಗಬೇಕು. ಒಂದು ಕೈಯಲ್ಲಿ ನಾಲ್ಕೈದು ಕಿಲೋ ಮೋಟಾರನ್ನು ಆನಿಸಿಕೊಂಡು ಇನ್ನೊಂದು ಕೈಯಲ್ಲಿ ಅದರ ಪಟ್ಟಿಯನ್ನು ಸಡಿಲಿಸಬೇಕು. ಅಂದಾಜಿನಲ್ಲಿ ಎತ್ತಿ ಬಿಗಿಯಬೇಕು. ಬಿಗಿಯುವಾಗಲೇ ಕೂದಲೆಳೆಯಷ್ಟು ಜರುಗುತ್ತದೆ. ಮತ್ತೆ ಮೇಲೆದ್ದು ಅಳೆಯಬೇಕು, ಮತ್ತೆ ಅಡಿಗೆ ಹೋಗಬೇಕು. ದಿನಕ್ಕೆ ಇಪ್ಪತ್ತು ಸಲ ಹೀಗೆ ಮಾಡುವವನು ಇಪ್ಪತ್ತನೆಯ ಸಲ ಮೊದಲಿನಷ್ಟು ಎಚ್ಚರದಿಂದಿರುತ್ತಾನೆಂದು ನಂಬುವುದು ಮನುಷ್ಯಸ್ವಭಾವವನ್ನು ತಿಳಿಯದವರ ಮಾತು.

ಸೋದರಳಿಯನ ಬೆರಳು ಹೋದದ್ದು ಹಾಗೆಯೇ. ಒಂದು ಮಧ್ಯಾಹ್ನ ಕೆಲಸದ ನಡುವೆ ಕರೆಂಟು ಹೋಯಿತು. ಯಂತ್ರ ತಾನಾಗಿ ನಿಂತಿತು. ಅದರ ಗುಂಡಿ ಮಾತ್ರ ಚಾಲೂ ಸ್ಥಿತಿಯಲ್ಲೇ ಉಳಿಯಿತು. ಬಿಡುವಾಯಿತಲ್ಲ, ಈ ಹೊತ್ತಿನಲ್ಲಿ ಎತ್ತರವನ್ನಾದರೂ ಸರಿಮಾಡೋಣವೆಂದು ಹುಡುಗ ಮೇಜಿನಡಿಗೆ ಕೈಹಾಕಿದ್ದಾನೆ. ಒಂದು ಕೈ ಮೋಟಾರಿನ ಪಟ್ಟಿಯ ಮೇಲಿತ್ತು, ಇನ್ನೊಂದು ಬಿಟ್‌ನ ಬಳಿ ಇತ್ತು. ಕರೆಂಟು ಬಂತು. ಎಡಗೈಯ ತೋರುಬೆರಳಿನ ತುದಿ, ಉಗುರಿನ ಬುಡದವರೆಗೆ, ಹೋಯಿತು. ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ.

ಊರವರು ವಿದ್ಯುತ್ ಇಲಾಖೆಯನ್ನು ಬೈದರು. ಹೇಳದೆ ಕೇಳದೆ ತೆಗೆಯುತ್ತಾರೆ, ಹೇಳದೆ ಕೇಳದೆ ಕೊಡುತ್ತಾರೆ ಎಂದರು. ಕೆಲವರು ಹುಡುಗನದೇ ಅಜಾಗರೂಕತೆ ಎಂದರು. ಆಚಾರ್ಯರು ಎರಡನ್ನೂ ಒಪ್ಪಲಿಲ್ಲ. ಕರೆಂಟು ಬರುವುದು ತಪ್ಪಲ್ಲ, ಅದು ಬರಬೇಕಾದದ್ದೇ. ಹುಡುಗ ತಾನು ನೋಡಿದಂತೆ ಮಾಡಿದ. ಅವನು ನೋಡಿದ್ದು ತಮ್ಮನ್ನು. ಪ್ಲಗ್ಗನ್ನು ಕೀಳದೆ ಮೇಜಿನಡಿಗೆ ಕೈಹಾಕುವ ಅಭ್ಯಾಸ ಅವರದು. ಎಂಟು ವರ್ಷ ಏನೂ ಆಗದಿದ್ದುದರಿಂದ ಅದು ಅಭ್ಯಾಸವಾಗಿ ಉಳಿದಿತ್ತು, ಅಷ್ಟೆ. ಶ್ರಾವಕಾಚಾರವನ್ನು ಓದಿದವರಿಗೆ ಪ್ರಮಾದವೆಂಬ ಪದ ಹೊಸದಲ್ಲ. ಕೊಲ್ಲುವ ಮನಸ್ಸು ಇಲ್ಲದಿದ್ದರೂ ಎಚ್ಚರ ತಪ್ಪಿದಾಗ ಹಿಂಸೆ ನಡೆಯುತ್ತದೆಯೆಂದು ನಮ್ಮ ಆಚಾರ್ಯರು ಹಿಂಸೆಯ ಲಕ್ಷಣದಲ್ಲೇ ಪ್ರಮಾದವನ್ನು ಸೇರಿಸಿದ್ದಾರೆ. ಹರದನಹಳ್ಳಿಯ ಬಡಗಿಗೆ ಆ ಗ್ರಂಥಗಳ ಪರಿಚಯವಿಲ್ಲ. ಆದರೂ ಅವರು ಆಸ್ಪತ್ರೆಯಿಂದ ಬಂದ ಮರುದಿನ ಆ ಮೇಜಿನ ಮೇಲೆ ಒಂದು ಗೋಣಿಚೀಲ ಹೊದಿಸಿ, ಮೂರು ತಿಂಗಳು ಅದನ್ನು ಮುಟ್ಟಲಿಲ್ಲ. ಬಾಚಿ, ಉಳಿ, ತೋಪಡಗಳಿಂದಲೇ ಕೆಲಸ ನಡೆಯಿತು. ಸಂಪಾದನೆ ಅರ್ಧಕ್ಕಿಂತ ಕೆಳಗಿಳಿಯಿತು.

ಮೇಜಿನ ಮೇಲಿನ ಗೋಣಿಚೀಲವನ್ನು ತೆಗೆಸಿದ್ದು ಒಂದು ಬಸದಿಯ ಕೆಲಸ. ಹಾಸನ ಸೀಮೆಯ ಒಂದು ಹಳೆಯ ಬಸದಿಯ ಟ್ರಸ್ಟಿನವರಿಗೆ ಶಾಸ್ತ್ರಗ್ರಂಥಗಳನ್ನಿಡಲು ಬೀರು ಬೇಕಾಗಿತ್ತು. ಟ್ರಸ್ಟಿನ ಹಿರಿಯರೊಬ್ಬರು ತಮ್ಮ ಅಜ್ಜನ ಕಾಲದ ತೊಟ್ಟಿಮನೆಯನ್ನು ಬಿಚ್ಚಿಸಿದಾಗ ದೊರೆತ ಹಲಸಿನ ಹಲಗೆಗಳನ್ನು ಅದಕ್ಕೆಂದೇ ಎತ್ತಿಟ್ಟಿದ್ದರು. ಹೊಸ ಮರ ಕಡಿಸುವ ಅಗತ್ಯವಿರಲಿಲ್ಲ. ಅದು ಅವರಿಗೆ ಸಮಾಧಾನದ ವಿಷಯ. ಆದರೆ ಹಳೆಯ ಮರದಲ್ಲಿ ಎರಡು ಅಪಾಯಗಳು ಅಡಗಿರುತ್ತವೆ. ಒಂದು, ಒಳಗೆ ಮುರಿದು ಉಳಿದ ಮೊಳೆ. ಅದಕ್ಕೆ ತಗುಲಿದರೆ ಬಿಟ್‌ನ ಅಂಚು ಚೂರಾಗಿ ಹಾರುತ್ತದೆ. ಆಚಾರ್ಯರು ಪ್ರತಿ ಹಲಗೆಯ ಮೇಲೂ ಅಯಸ್ಕಾಂತವನ್ನು ಎಳೆದು ಹನ್ನೊಂದು ಮೊಳೆಗಳನ್ನು ಹುಡುಕಿ ತೆಗೆದರು. ಎರಡನೆಯದು ಕುಟ್ಟೆಹುಳ. ಜೀವವಿರುವ ಮರದ ಮೇಲೆ ಯಂತ್ರ ಓಡಿಸಬಾರದೆಂದು ಹಿರಿಯರು ಕೇಳಿಕೊಂಡಿದ್ದರು. ಹಲಗೆಗಳನ್ನು ಬಿಸಿಲಿಗೆ ಆನಿಸಿ, ತಟ್ಟಿ, ಕುಂಚದಿಂದ ಗುಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಹೊಸ ಪುಡಿ ಬೀಳುತ್ತದೆಯೇ ಎಂದು ನಾಲ್ಕು ದಿನ ನೋಡಿದರು. ಎರಡು ಹಲಗೆಗಳಿಂದ ಪುಡಿ ಉದುರುತ್ತಲೇ ಇತ್ತು. ಅವೆರಡನ್ನೂ ಹಿರಿಯರಿಗೆ ಮರಳಿಸಿದರು; ಅವರು ಅವುಗಳನ್ನು ಇದ್ದ ಕಡೆಯೇ ಇರಲೆಂದು ಅಟ್ಟಕ್ಕೆ ಏರಿಸಿದರು. ಮರದ ಲೆಕ್ಕದಲ್ಲಿ ಅದು ನಷ್ಟವೇ ಸರಿ.

ಬೀರುವಿನ ಬಾಗಿಲುಗಳಿಗೆ ಚೌಕಟ್ಟು ಮತ್ತು ನಡುವಿನ ಹಲಗೆಯ ವಿನ್ಯಾಸ. ಇದಕ್ಕೆ ಜೋಡಿ ಬಿಟ್‌ಗಳು ಬೇಕು: ಒಂದು ತೋಡು ತೆಗೆಯುತ್ತದೆ, ಇನ್ನೊಂದು ಆ ತೋಡಿಗೆ ಕೂರುವ ನಾಲಗೆಯನ್ನು ಮಾಡುತ್ತದೆ. ಎರಡರ ಎತ್ತರವೂ ಒಂದಕ್ಕೊಂದು ಸರಿಹೋಗಬೇಕು. ಒಂದು ಮಿಲಿಮೀಟರಿನ ಹತ್ತನೆಯ ಎರಡು ಭಾಗ ವ್ಯತ್ಯಾಸವಾದರೂ ಎರಡು ಮರಗಳು ಸೇರುವಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಇಂಥ ಸೂಕ್ಷ್ಮವನ್ನು ಮಂಡಿಯೂರಿ ಅಂದಾಜಿನಲ್ಲಿ ಸಾಧಿಸುವುದು ಆಗದ ಮಾತು. ಹೊರದೇಶದಿಂದ ಬರುವ ಸಿದ್ಧ ಲಿಫ್ಟಿನ ಬೆಲೆ ವಿಚಾರಿಸಿದರೆ ಅದು ರೂಟರ್ ಯಂತ್ರದ ಬೆಲೆಗಿಂತ ಹೆಚ್ಚು. ಹೀಗೆ ಸ್ವಂತವಾಗಿ ಕಟ್ಟುವ ಯೋಚನೆ ಹುಟ್ಟಿತು.

ಮೊದಲು ಹೊಳೆದದ್ದು ಕಾರಿನ ಜಾಕು. ಗುಜರಿ ಅಂಗಡಿಯಲ್ಲಿ ಹಳೆಯ ವ್ಯಾನಿನ ಕತ್ತರಿ ಜಾಕು ಕೆಲವು ನೂರು ರೂಪಾಯಿಗೆ ಸಿಕ್ಕಿತು. ಅದನ್ನು ಮೋಟಾರಿನ ಅಡಿಯಲ್ಲಿಟ್ಟು ಹಿಡಿಕೆ ತಿರುಗಿಸಿದರೆ ಯಂತ್ರ ಏರುತ್ತದೆ, ಇಳಿಯುತ್ತದೆ. ಒಂದು ದಿನದಲ್ಲಿ ಕೆಲಸ ಮುಗಿಯಿತು. ಸೋದರಳಿಯನಿಗೆ ಬಹಳ ಸಂತೋಷವಾಯಿತು. ಎರಡು ಬಾಗಿಲುಗಳ ಚೌಕಟ್ಟೂ ಸಿದ್ಧವಾಯಿತು. ಕೂಡಿಸಿ ನೋಡಿದರೆ ಒಂದರಲ್ಲಿ ಸಂದು ಸರಿಯಾಗಿದೆ, ಇನ್ನೊಂದರಲ್ಲಿ ಮೆಟ್ಟಿಲು ಬಂದಿದೆ. ಹಿಡಿಕೆಯನ್ನು ಎಣಿಸಿ ಎಣಿಸಿಯೇ ತಿರುಗಿಸಿದ್ದರು. ಸುತ್ತುಗಳ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ಜಾಕಿನ ಲೆಕ್ಕ.

ಕತ್ತರಿ ಜಾಕಿನ ಸ್ವಭಾವವೇ ಹಾಗೆ. ಅದರ ನಾಲ್ಕು ತೋಳುಗಳು ಮಲಗಿರುವಾಗ ತಿರುಪಿನ ಒಂದು ಸುತ್ತು ಹೆಚ್ಚು ಎತ್ತುತ್ತದೆ. ತೋಳುಗಳು ನೆಟ್ಟಗಾದಂತೆ ಅದೇ ಸುತ್ತು ಕಡಿಮೆ ಎತ್ತುತ್ತದೆ. ತೋಳಿನ ಉದ್ದ 150 ಮಿ.ಮೀ., ತಿರುಪಿನ ಹೆಜ್ಜೆ 2 ಮಿ.ಮೀ. ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಜಾಕು 100 ಮಿ.ಮೀ. ಎತ್ತರದಲ್ಲಿರುವಾಗ ಒಂದು ಸುತ್ತಿಗೆ ಸುಮಾರು ಐದೂವರೆ ಮಿ.ಮೀ. ಏರುತ್ತದೆ, 200 ಮಿ.ಮೀ. ಎತ್ತರದಲ್ಲಿ ಅದೇ ಒಂದು ಸುತ್ತಿಗೆ ಏರುವುದು ಸುಮಾರು ಎರಡೂಕಾಲು ಮಾತ್ರ. ಕಾರಿನ ಚಕ್ರ ಬದಲಾಯಿಸುವವರಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಅಳತೆಗಾಗಿ ಅದನ್ನು ನೆಚ್ಚಿದವರಿಗೆ ಮಾತ್ರ ಅದು, ಕೆಳಗೊಂದು ಸೇರು ಮೇಲೊಂದು ಸೇರು ಇಟ್ಟುಕೊಂಡ ಅಂಗಡಿ.

"ಬಿಡಿ ಮಾವ, ಉಪ್ಪುಕಾಗದ ಹಾಕಿ ಉಜ್ಜಿದ್ರೆ ಯಾರಿಗೂ ಗೊತ್ತಾಗಲ್ಲ" ಎಂದ ಹುಡುಗ.

"ನಿನಗೆ ಗೊತ್ತಾಯ್ತಲ್ಲೋ" ಎಂದರಂತೆ ಅವರು. ಆ ಎರಡು ಚೌಕಟ್ಟುಗಳು ಈಗ ಅವರ ಸ್ವಂತ ಅಡುಗೆಮನೆಯ ಕಿಟಕಿಗೆ ಬಾಗಿಲುಗಳಾಗಿವೆ. ಹಲಸಿನ ಮರದ ಬೆಲೆಯನ್ನು ಕೂಲಿಯಲ್ಲಿ ಹಿಡಿದುಕೊಳ್ಳಿರೆಂದು ಹಿರಿಯರಿಗೆ ತಾವೇ ಹೋಗಿ ತಿಳಿಸಿದರು.

ವ್ಯಾಪಾರದಲ್ಲಿ ಬಾಳಿದವರಿಗೆ ಇಲ್ಲಿ ಒಂದು ಮಾತು ನೆನಪಿಗೆ ಬರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಬಳಸುವುದು. ಅದನ್ನು ಮನಸ್ಸಿನ ಕಪಟವೆಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಅಳತೆಗೋಲೇ ಹೀನಾಧಿಕವಾಗಿದ್ದರೆ, ಅದು ತಿಳಿದ ಮೇಲೂ ಅದನ್ನೇ ಬಳಸುತ್ತ ಹೋದರೆ, ಕಪಟ ಎಲ್ಲಿಂದ ಆರಂಭವಾಯಿತೆಂದು ಹೇಳುವುದು ಕಷ್ಟ. ನಮ್ಮ ಹಿರಿಯರು ಕಂಡ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಿರಲಿಲ್ಲ. 1956ರಲ್ಲಿ ತೂಕ ಅಳತೆಗಳ ಕಾಯಿದೆ ಬಂದು, 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದ ಮೇಲೆ ಆ ಗೊಂದಲ ತೀರಿತು. ತಿರುಪಿನ ಲೋಕದಲ್ಲಿಯೂ ಹೀಗೆಯೇ ಇತ್ತು. ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂರುತ್ತಿರಲಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪಿನ ಗೆರೆಗಳಿಗೆ ಒಂದೇ ಕೋನ, ದಪ್ಪಕ್ಕೆ ತಕ್ಕ ನಿಶ್ಚಿತ ಹೆಜ್ಜೆ ಇರಲೆಂದು ಸೂಚಿಸಿದ. ಇಂದು ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡರೂ 16 ಮಿ.ಮೀ. ದಪ್ಪದ ಸಾಮಾನ್ಯ ಮೆಟ್ರಿಕ್ ತಿರುಪಿನ ಹೆಜ್ಜೆ 2 ಮಿ.ಮೀ. ಇರುತ್ತದೆ. 12 ಮಿ.ಮೀ. ದಪ್ಪದ್ದಾದರೆ 1.75, ಹತ್ತರದ್ದಾದರೆ 1.5.

ಆಚಾರ್ಯರು ಹದಿನಾರರದ್ದನ್ನೇ ಆರಿಸಿಕೊಂಡರು. ಬಲಕ್ಕಿಂತ ಹೆಚ್ಚಾಗಿ ಲೆಕ್ಕದ ಅನುಕೂಲಕ್ಕಾಗಿ. ಒಂದು ಸುತ್ತಿಗೆ 2 ಮಿ.ಮೀ. ಎಂದರೆ ಓದಲು ಬಾರದವನಿಗೂ ತಿಳಿಯುತ್ತದೆ. ಹಿಡಿಕೆಯ ಬಿಲ್ಲೆಯನ್ನು ಇಪ್ಪತ್ತು ಭಾಗ ಮಾಡಿದರೆ ಒಂದೊಂದು ಗೆರೆಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ.

ಹೊಸ ಸಾಧನದ ರಚನೆ ಹೀಗಿದೆ. ಮೇಜಿನ ಮೇಲ್ಮೈಗೆ ಸಮವಾಗಿ ಕೂರುವ 12 ಮಿ.ಮೀ. ದಪ್ಪದ ಹೈಲಮ್ ಹಲಗೆ. ಅದರ ನಾಲ್ಕು ಮೂಲೆಗಳಲ್ಲಿ ಮಟ್ಟ ಸರಿಮಾಡುವ ಸಣ್ಣ ತಿರುಪುಗಳು. ಈ ಹಲಗೆಯಿಂದ 20 ಮಿ.ಮೀ. ದಪ್ಪದ ಎರಡು ನುಣುಪಾದ ಉಕ್ಕಿನ ಸಲಾಕೆಗಳು ಕೆಳಗೆ ಇಳಿಯುತ್ತವೆ. ಅವುಗಳ ಬುಡವನ್ನು ಇನ್ನೊಂದು ಹಲಗೆ ಹಿಡಿದಿಡುತ್ತದೆ. ನಡುವೆ ತೊಟ್ಟಿಲು: 18 ಮಿ.ಮೀ. ಪ್ಲೈವುಡ್ಡಿನ ಪದರಗಳನ್ನು ಅಂಟಿಸಿ, ಮೋಟಾರಿನ ದುಂಡು ಮೈ ಕೂರುವಂತೆ ಕೊರೆದದ್ದು. ಅದರ ಎರಡು ಪಕ್ಕಗಳಲ್ಲಿ ಗನ್‌ಮೆಟಲ್ ಬುಷ್‌ಗಳು. ಅವು ಸಲಾಕೆಗಳ ಮೇಲೆ ಜಾರುತ್ತವೆ. ತಿರುಪಿನ ಸಲಾಕೆ ಮೇಲೆ ಕೆಳಗೆ ಎರಡೂ ಕಡೆ ಬೇರಿಂಗಿನಲ್ಲಿ ಕುಳಿತು ಇದ್ದಲ್ಲೇ ತಿರುಗುತ್ತದೆ. ನಟ್ಟು ತೊಟ್ಟಿಲಿನಲ್ಲಿ ಬಂಧಿಯಾಗಿದೆ. ಆದ್ದರಿಂದ ತಿರುಪು ತಿರುಗಿದರೆ ಏರಿಳಿಯುವುದು ತೊಟ್ಟಿಲು. ತಿರುಪಿನ ತಲೆ ಮೇಜಿನ ಮೇಲಿನ ಸಣ್ಣ ರಂಧ್ರದಲ್ಲಿ ಕಾಣುತ್ತದೆ. ಅಲ್ಲಿಗೆ ಹಿಡಿಕೆ ಸಿಕ್ಕಿಸಿ ಬಲಕ್ಕೆ ತಿರುಗಿಸಿದರೆ ಬಿಟ್ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಕೈ ಮೇಜಿನ ಅಡಿಗೆ ಹೋಗಬೇಕಾದ ಕಾರಣವೇ ಇಲ್ಲ.

ಬುಷ್‌ಗಳನ್ನು ಹೊಳೆನರಸೀಪುರದ ಒಂದು ಲೇತ್ ಅಂಗಡಿಯಲ್ಲಿ ಕಡೆಸಿದರು. ಕಡೆಯುವ ವಿದ್ಯೆ ಹಾಸನ ಜಿಲ್ಲೆಗೆ ಹೊಸದಲ್ಲ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಳಪದ ಕಲ್ಲನ್ನು ಚರಕಿಯಲ್ಲಿ ತಿರುಗಿಸಿ ತೆಗೆದ ಆ ಬಳೆಗಳು ಸುತ್ತಲೂ ಎಷ್ಟು ಸಮವಾಗಿವೆಯೆಂದರೆ, ನೋಡುವವರು ಕಂಬದಲ್ಲಿ ತಮ್ಮ ನೆರಳನ್ನು ಹುಡುಕುತ್ತಾರೆಯೇ ಹೊರತು ಅದರ ದುಂಡನ್ನು ಪರೀಕ್ಷಿಸುವುದಿಲ್ಲ. ದುಂಡು ತಪ್ಪಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತಿತ್ತು.

ಆದರೂ ಮೊದಲ ಜೋಡಣೆ ಕೆಟ್ಟಿತು. ತೊಟ್ಟಿಲು ಮೇಲಿನರ್ಧದಲ್ಲಿ ಸುಲಭವಾಗಿ ಜಾರಿ, ಕೆಳಗೆ ಬರುತ್ತಿದ್ದಂತೆ ಬಿಗಿದು ನಿಲ್ಲುತ್ತಿತ್ತು. ಎಣ್ಣೆ ಹಾಕಿದರೂ, ಬುಷ್ ಉಜ್ಜಿದರೂ ಹೋಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಮೇಲಿನ ಹಲಗೆಯ ಎರಡು ರಂಧ್ರಗಳ ಅಂತರಕ್ಕೂ ಕೆಳಗಿನ ಹಲಗೆಯ ರಂಧ್ರಗಳ ಅಂತರಕ್ಕೂ ಅರ್ಧ ಮಿಲಿಮೀಟರ್ ವ್ಯತ್ಯಾಸವಿತ್ತು. ಎರಡನ್ನೂ ಬೇರೆಬೇರೆಯಾಗಿ ಗುರುತು ಮಾಡಿ, ಬೇರೆಬೇರೆಯಾಗಿ ಕೊರೆದದ್ದರ ಫಲ. ಸಲಾಕೆಗಳು ಕಣ್ಣಿಗೆ ಸಮಾನಾಂತರ, ವಾಸ್ತವದಲ್ಲಿ ಅಲ್ಲ. ಮತ್ತೆ ಹೊಸ ಹಲಗೆಗಳನ್ನು ತಂದು, ಎರಡನ್ನೂ ಒಂದರ ಮೇಲೊಂದಿಟ್ಟು ಬಿಗಿದು, ಒಂದೇ ಪೆಟ್ಟಿಗೆ ಎರಡಕ್ಕೂ ಸೇರಿಸಿ ರಂಧ್ರ ಕೊರೆದರು. ಹೀಗೆ ಕೊರೆದಾಗ ಗುರುತು ಸ್ವಲ್ಪ ತಪ್ಪಿದರೂ ಎರಡರಲ್ಲಿಯೂ ಒಂದೇ ರೀತಿ ತಪ್ಪುತ್ತದೆ. ಸಲಾಕೆಗಳು ಸಮಾನಾಂತರವಾಗಿಯೇ ನಿಲ್ಲುತ್ತವೆ. ಲೇತಿನ ಮನೆಯವರಿಗೆ ಇದು ಹಳೆಯ ಸಂಗತಿ, ಬಡಗಿಗೆ ಎರಡು ದಿನದ ಪಾಠ.

ತಿರುಪಿನ ಸಲಾಕೆಯಲ್ಲಿಯೂ ಒಂದು ಮೋಸ ಕಂಡಿತು. ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಸಲಾಕೆ ಸ್ವಲ್ಪ ಬಾಗಿತ್ತು. ಗಾಜಿನ ಮೇಲೆ ಉರುಳಿಸಿದಾಗ ಬೆಳಕು ಅಡಿಯಲ್ಲಿ ಮಿನುಗಿ ಮಾಯವಾಗುತ್ತಿತ್ತು. ಅದನ್ನು ಹಿಂತಿರುಗಿಸಿ, ಇದ್ದ ಎಂಟರಲ್ಲಿ ಒಂದನ್ನು ಅಂಗಡಿಯ ಕೌಂಟರಿನ ಗಾಜಿನ ಮೇಲೆಯೇ ಉರುಳಿಸಿ ನೋಡಿ ತಂದರು. ಅಂಗಡಿಯಾತ ಬೇಸರಪಡಲಿಲ್ಲ. ಬೇಸರಪಡದ ವ್ಯಾಪಾರಿಗೆ ಗಿರಾಕಿ ಮತ್ತೆ ಬರುತ್ತಾನೆ.

ಕಟ್ಟಿದ ಮೇಲಿನ ಪರೀಕ್ಷೆಗೆ ಒಂದು ಇಡೀ ಭಾನುವಾರ ಹಿಡಿಯಿತು. ಕೆಳಗಿನ ತುದಿಯಿಂದ ಹತ್ತು ಸುತ್ತು, ನಡುವಿನಿಂದ ಹತ್ತು ಸುತ್ತು, ಮೇಲಿನಿಂದ ಹತ್ತು ಸುತ್ತು; ಪ್ರತಿಸಲವೂ ವರ್ನಿಯರಿನಿಂದ ಅಳತೆ. ಮೂರು ಕಡೆಯೂ 20 ಮಿ.ಮೀ. ಬಂತು. ಆದರೆ ಇಳಿಸುವಾಗ ಬೇರೆ ಮಾತು. ತಿರುಪಿಗೂ ನಟ್ಟಿಗೂ ನಡುವೆ ಎಷ್ಟಾದರೂ ಒಂದು ಸಡಿಲವಿರುತ್ತದೆ. ಏರಿಸುವಾಗ ಮೋಟಾರಿನ ಭಾರ ಅದನ್ನು ಒಂದೇ ಕಡೆಗೆ ಒತ್ತಿ ಹಿಡಿಯುತ್ತದೆ. ಇಳಿಸುವಾಗ ಸಲಾಕೆಗಂಟಿದ ಪುಡಿಯಿಂದ ತೊಟ್ಟಿಲು ಒಂದು ಕ್ಷಣ ತಡೆದು ನಿಂತು, ಯಂತ್ರ ಅದುರಿದಾಗ ಕುಸಿಯುತ್ತದೆ. ಅದಕ್ಕೆಂದು ಒಂದು ನಿಯಮ ಮಾಡಿಕೊಂಡರು: ಇಳಿಸಬೇಕಾದಾಗ ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು ಇಳಿಸಿ, ಆಮೇಲೆ ಏರಿಸಿ ಗುರಿ ಮುಟ್ಟಬೇಕು. ಅಲ್ಲದೆ ತೊಟ್ಟಿಲಿನ ಒಂದು ಪಕ್ಕವನ್ನು ಸೀಳಿ, ಬೋಲ್ಟು ಬಿಗಿದರೆ ಅದು ಸಲಾಕೆಯನ್ನೇ ಕಚ್ಚಿ ಹಿಡಿಯುವಂತೆ ಮಾಡಿದರು. ಆ ಬೋಲ್ಟಿನ ಹಿಡಿಯನ್ನು ಮೇಜಿನ ಮುಂಭಾಗಕ್ಕೆ ಉದ್ದ ಮಾಡಿ ತಂದರು. ಸಲಾಕೆಗಳಿಗೆ ಎಣ್ಣೆಯಿಲ್ಲ. ಎಣ್ಣೆ ಪುಡಿಯನ್ನು ಕರೆದು ಕೂರಿಸಿಕೊಳ್ಳುತ್ತದೆ. ಮೇಣದಬತ್ತಿಯ ತುಂಡನ್ನು ಉಜ್ಜಿದರೆ ಸಾಕು.

ಪುಡಿಯ ಮಾತು ಬಂದದ್ದರಿಂದ ಹೇಳಬೇಕು: ಅದು ಯಂತ್ರಕ್ಕಷ್ಟೇ ಶತ್ರುವಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಬಡಗಿಗಳಿಂದ ಕೆಲಸ ಮಾಡಿಸುವ ಟ್ರಸ್ಟುಗಳು ಕೂಲಿಯ ಜೊತೆಗೆ ಒಳ್ಳೆಯ ಮುಖಗವಸುಗಳನ್ನೂ ಕೊಡಿಸಿದರೆ ಹೆಚ್ಚೇನೂ ಖರ್ಚಾಗದು.

ಉಳಿದದ್ದು ಕರೆಂಟಿನ ಸಮಸ್ಯೆ. ಇದಕ್ಕೆ ಪರಿಹಾರ ಅವರ ಹೊಲದಲ್ಲಿಯೇ ಇತ್ತು. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಹಳ್ಳಿಯ ಮಕ್ಕಳೂ ಬಲ್ಲರು: ಹಸಿರು ಗುಂಡಿ ಒತ್ತಿದರೆ ಓಡುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಕರೆಂಟು ಹೋದಾಗ ಅದರೊಳಗಿನ ಸುರುಳಿ ತನ್ನ ಹಿಡಿತವನ್ನು ಬಿಟ್ಟುಬಿಡುತ್ತದೆ. ಕರೆಂಟು ಮರಳಿ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಾನಾಗಿ ತಿರುಗದು. ರಾತ್ರಿ ಎದ್ದು ಹೋಗಿ ಗುಂಡಿ ಒತ್ತುವ ಕಷ್ಟ ತಪ್ಪಿಸಲು ರೈತರು ಅದಕ್ಕೆ ಆಟೋ ಸ್ವಿಚ್ ಜೋಡಿಸಿ ಈ ಗುಣವನ್ನೇ ಕಳೆದುಬಿಡುತ್ತಾರೆ. ಹೊಲದಲ್ಲಿ ಅದು ಅನುಕೂಲ. ಬಡಗಿಯ ಮೇಜಿಗೆ ಬೇಕಾದದ್ದು ಆ ಆಟೋ ಇಲ್ಲದ ಸ್ಟಾರ್ಟರು. ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿ, ರೂಟರಿನ ಶಕ್ತಿಗೆ ತಕ್ಕ ಸಿಂಗಲ್ ಫೇಸ್ ಸ್ಟಾರ್ಟರನ್ನು ಮೇಜಿನ ಮುಂದಿನ ಕಾಲಿಗೆ ಹಾಕಿಸಿದರು. ಮಂಡಿ ತಗುಲದಷ್ಟು ಎತ್ತರದಲ್ಲಿ. ಹೀಗಿದ್ದೂ ಬಿಟ್ ಬದಲಾಯಿಸುವಾಗ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕೆಲಸಗಾರನ ಕಣ್ಣೆದುರು ಮೇಜಿನ ಮೇಲೆ ಇಡಬೇಕೆಂಬುದು ಅಲ್ಲಿನ ಕಟ್ಟಳೆ.

ಬೀರು ಮುಗಿದು ಬಸದಿಗೆ ಹೋಯಿತು. ಹದಿನಾರು ಖಾನೆಗಳು, ನಾಲ್ಕು ಬಾಗಿಲುಗಳು. ಹಿರಿಯರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಸಂದುಗಳ ಮೇಲೆ ಬೆರಳಾಡಿಸಿ ನೋಡಿದರು. ಏನೂ ಹೇಳಲಿಲ್ಲ. ಬೀರು ಇಳಿಸಲು ಬಂದಿದ್ದ ಹುಡುಗನ ಕೈಯನ್ನು ಆಗ ಗಮನಿಸಿ, "ಇದು ಹೇಗಾಯ್ತಪ್ಪ?" ಎಂದು ಕೇಳಿದರು. ಹುಡುಗ ಉತ್ತರಿಸುವ ಮೊದಲೇ ಆಚಾರ್ಯರು, "ನನ್ನಿಂದ ಆಯ್ತು ಸ್ವಾಮಿ" ಎಂದರು.

ಅದಾದ ಮೇಲೆ ಅರಕಲಗೂಡು ಕಡೆಯ ಒಬ್ಬ ಬಡಗಿ ತೊಟ್ಟಿಲಿನ ವಿಷಯ ಕೇಳಿ ಬಂದು, ತನಗೂ ಒಂದನ್ನು ಮಾಡಿಕೊಡಿ, ಎಷ್ಟಾದರೂ ಕೊಡುತ್ತೇನೆ ಎಂದ. ಅವನ ಮೇಜಿಗೆ ಆಸರೆಪಟ್ಟಿಯಿಲ್ಲ, ಬಿಟ್‌ಗೆ ಮರೆಯಿಲ್ಲ, ಸ್ಟಾರ್ಟರೂ ಇಲ್ಲ. ಆಚಾರ್ಯರು ಹಿಂದೆಗೆದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಹಿಂಸಾದಾನವನ್ನೂ ಹೇಳಿದೆ. ಕೊಡಲಿ, ಕತ್ತಿ, ಅಗೆಯುವ ಸಲಕರಣೆ ಮೊದಲಾದ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಬಡಗಿಗೆ ಬಡಗಿಯ ಸಲಕರಣೆ ಕೊಡುವುದು ಅದರಲ್ಲಿ ಸೇರುತ್ತದೆಯೇ ಎಂದು ಪಂಡಿತರು ಚರ್ಚಿಸಬಹುದು. ಹೊಟ್ಟೆಪಾಡಿಗೆ ಬೇಕಾದ ಸಾಧನ ಅನರ್ಥವಲ್ಲವೆಂಬ ವಾದ ಬಲವಾದದ್ದೇ. ಆದರೆ ಅದೇ ಸಾಧನವನ್ನು ಮರೆಯಿಲ್ಲದೆ, ತಡೆಯಿಲ್ಲದೆ, ಹಣ ಬಂತೆಂದು ಕೊಟ್ಟರೆ ಆ ವಾದ ಎಷ್ಟು ನಿಲ್ಲುತ್ತದೆ? ಅವರು ಹೇಳಿದ್ದು ಇಷ್ಟೇ: "ಮೊದಲು ಸ್ಟಾರ್ಟರು ಹಾಕಿಸ್ಕೊಂಡು ಬಾ. ಆಮೇಲೆ ತೊಟ್ಟಿಲಿನ ಮಾತು." ಬಂದವನು ಮುನಿಸಿಕೊಂಡು ಹೋದ, ಎರಡು ತಿಂಗಳ ಮೇಲೆ ಸ್ಟಾರ್ಟರಿನ ಬಿಲ್ಲನ್ನು ಹಿಡಿದುಕೊಂಡೇ ಮರಳಿ ಬಂದ.

ಎರಡನೆಯ ತೊಟ್ಟಿಲಿನ ರಂಧ್ರಗಳನ್ನೆಲ್ಲ ಸೋದರಳಿಯನೇ ಕೊರೆದ, ಎರಡು ಹಲಗೆಗಳನ್ನು ಜೊತೆಗೆ ಬಿಗಿದು. ಸಾಮಾನಿನ ಖರ್ಚು ಮತ್ತು ಆರು ದಿನದ ಕೂಲಿಯನ್ನು ಮಾತ್ರ ತೆಗೆದುಕೊಂಡರು. ಅದು ಅರಕಲಗೂಡಿಗೆ ಹೋಗಿ ಒಂದು ತಿಂಗಳಾಗುವುದರಲ್ಲಿ ಫೋನು ಬಂತು: ಹತ್ತು ಸುತ್ತಿಗೆ 20 ಬರುತ್ತಿಲ್ಲ, 19.8 ಬರುತ್ತಿದೆ. ಮಾವ ಅಳಿಯ ಇಬ್ಬರೂ ಮರುದಿನದ ಬಸ್ಸು ಹಿಡಿದು ಹೋದರು. ಸಲಾಕೆ, ನಟ್ಟು, ಬೇರಿಂಗು ಎಲ್ಲವನ್ನೂ ಬಿಚ್ಚಿ ನೋಡಿದರು, ದೋಷ ಕಾಣಲಿಲ್ಲ. ಕೊನೆಗೆ ಹುಡುಗನೇ ಕಂಡುಹಿಡಿದ. ವರ್ನಿಯರಿನ ದವಡೆಗೆ ಅಂಟುಸಹಿತ ಮರದ ಪುಡಿ ಮೆತ್ತಿಕೊಂಡಿತ್ತು. ಅದನ್ನು ಒರೆಸಿ, ಎಲ್ಲವನ್ನೂ ಮತ್ತೆ ಜೋಡಿಸಿ ಅಳೆದಾಗ ಸರಿಯಾಗಿ 20 ಬಂತು. ಆತ ಸಂಕೋಚದಿಂದ ಬಸ್ಸಿನ ಖರ್ಚು ಕೊಡಲು ಬಂದ. ಆಚಾರ್ಯರು ತೆಗೆದುಕೊಳ್ಳಲಿಲ್ಲ, ಅನುಮಾನ ಬಂದಾಗ ಕೆಲಸ ನಿಲ್ಲಿಸಿ ಕೇಳಿದೆಯಲ್ಲ, ಒಳ್ಳೆಯದಾಯಿತು ಎಂದು ಹೇಳಿ, ಕಾಫಿ ಕುಡಿದು ಸಂಜೆಯ ಬಸ್ಸಿಗೆ ಹೊರಟರು.